ಎಂಜಿನ್ನಿನ ಕೀಲೆಣ್ಣೆ

ಬೀದರ್ ಸೀಮೆಯ ಹಾದಿಗಳಲ್ಲಿ ಒಂದು ಕಾಲಕ್ಕೆ ಎತ್ತಿನ ಬಂಡಿಗಳೇ ಹೆಚ್ಚಾಗಿ ಕಾಣುತ್ತಿದ್ದವು. ಭಾಲ್ಕಿಯ ಸಂತೆಗೆ ಜೋಳವನ್ನು ಸಾಗಿಸುವ ಬಂಡಿಯಾಗಲಿ, ಔರಾದದ ಹೊಲಗಳಿಂದ ತೊಗರಿಯನ್ನು ಮನೆಗೆ ತರುವ ಬಂಡಿಯಾಗಲಿ, ಕೀಲೆಣ್ಣೆಯಿಲ್ಲದೆ ದೂರದ ಹಾದಿಗೆ ಹೊರಡುತ್ತಿರಲಿಲ್ಲ. ಹುಲ್ಲು ಸುಟ್ಟ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿದರೆ ಕೀಲೆಣ್ಣೆ ಸಿದ್ಧವಾಗುತ್ತಿತ್ತು. ಉತ್ತರ ಕರ್ನಾಟಕದ ಜನ ಈ ಹರಳೆಣ್ಣೆಯನ್ನೇ ಔಡಲೆಣ್ಣೆ ಎಂದು ಕರೆಯುತ್ತಾರೆ. ಗಾಲಿಯ ಗುಂಬಕ್ಕೂ ಅಚ್ಚಿಗೂ ನಡುವೆ ಅದನ್ನು ಸವರಿದರೆ ಗಾಲಿ ಹಗುರವಾಗಿ ಉರುಳುತ್ತಿತ್ತು. ಎಣ್ಣೆ ಬತ್ತಿದರೆ ಗಾಲಿಯೇ ಕಿರುಗುಟ್ಟಿ ಆ ಸುದ್ದಿಯನ್ನು ತಿಳಿಸುತ್ತಿತ್ತು. ಬಂಡಿಯವನು ಎತ್ತುಗಳನ್ನು ನಿಲ್ಲಿಸಿ, ಎರಡು ಬೆರಳಿನಷ್ಟು ಎಣ್ಣೆಯನ್ನು ಸವರಿ ಮುಂದೆ ಸಾಗುತ್ತಿದ್ದನು.

ಇಂದು ಆ ಹಾದಿಗಳಲ್ಲಿ ಟ್ರ್ಯಾಕ್ಟರು, ಲಾರಿ, ಬಸ್ಸು, ಮೋಟಾರು ಸೈಕಲ್ಲುಗಳು ಓಡಾಡುತ್ತವೆ. ಬಂಡಿ ಹಿಂದೆ ಸರಿದರೂ ಕೀಲೆಣ್ಣೆಯ ಅಗತ್ಯ ಮಾತ್ರ ಹಿಂದೆ ಸರಿದಿಲ್ಲ. ಅದು ಕಣ್ಣಿಗೆ ಕಾಣುವ ಅಚ್ಚನ್ನು ಬಿಟ್ಟು, ಕಣ್ಣಿಗೆ ಕಾಣದ ಎಂಜಿನ್ನಿನ ಒಡಲನ್ನು ಸೇರಿದೆ. ಎಂಜಿನ್ನು ಬಂಡಿಯ ಗಾಲಿಯಂತೆ ಮೊದಲೇ ಕಿರುಗುಟ್ಟಿ ಎಚ್ಚರಿಸುವುದಿಲ್ಲ. ಅದರೊಳಗಿನಿಂದ ಕರ್ಕಶ ಶಬ್ದ ಹೊರಡುವ ವೇಳೆಗೆ ಹಾನಿ ಆಗಿಹೋಗಿರುತ್ತದೆ. ಆದುದರಿಂದಲೇ ಚಾಲಕನ ಕಣ್ಣೆದುರಿಗೆ ಒಂದು ಮುಳ್ಳನ್ನೋ ಒಂದು ಕೆಂಪು ದೀಪವನ್ನೋ ಇರಿಸಿರುತ್ತಾರೆ. ಎಣ್ಣೆಯ ಒತ್ತಡವನ್ನು ತಿಳಿಸುವುದು ಅದರ ಕೆಲಸ. ಆ ಮುಳ್ಳು ನಿಜವಾಗಿ ಏನನ್ನು ಹೇಳುತ್ತದೆ? ಏನನ್ನು ಹೇಳುವುದಿಲ್ಲ? ಇದನ್ನು ಅರಿಯಬೇಕಾದರೆ ಮೊದಲು ಎಣ್ಣೆಯ ಗುಣವನ್ನು ಅರಿಯಬೇಕು.

ಎಂಜಿನ್ನಿನೊಳಗೆ ಪಿಸ್ಟನ್ನುಗಳು ಮೇಲೆ ಕೆಳಗೆ ಚಲಿಸಿ ಕ್ರ್ಯಾಂಕ್ ಶಾಫ್ಟ್ ಎಂಬ ಉಕ್ಕಿನ ದಂಡವನ್ನು ತಿರುಗಿಸುತ್ತವೆ. ಆ ದಂಡವು ಬೇರಿಂಗ್ ಎಂಬ ನುಣುಪಾದ ಬಳೆಗಳಲ್ಲಿ ಕುಳಿತಿರುತ್ತದೆ. ದಂಡಕ್ಕೂ ಬಳೆಗೂ ನಡುವೆ ಇರುವ ಸಂದು ಅತ್ಯಲ್ಪ. 50 ಮಿಲಿಮೀಟರ್ ದಪ್ಪದ ದಂಡಕ್ಕೆ ಸುಮಾರು 0.05 ಮಿಲಿಮೀಟರ್ ಸಂದು ಇದ್ದರೆ ಸಾಕು. ಈ ಸಂದಿನಲ್ಲಿ ಎಣ್ಣೆ ತುಂಬಿಕೊಂಡಿರುತ್ತದೆ. ಪಿಸ್ಟನ್ನಿನ ಹೊಡೆತ ಬಿದ್ದಾಗ ದಂಡವು ಒಂದು ಬದಿಗೆ ಒತ್ತಿಕೊಳ್ಳುತ್ತದೆ; ಆಗ ಅಲ್ಲಿ ಉಳಿಯುವ ಎಣ್ಣೆಯ ಪದರ ಕೆಲವೇ ಮೈಕ್ರಾನ್ ದಪ್ಪದ್ದು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಮನುಷ್ಯನ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪವಿರುತ್ತದೆ. ಕೂದಲಿಗಿಂತ ಅನೇಕ ಪಾಲು ತೆಳುವಾದ ಈ ಪದರ ಹರಿಯದೆ ಇರುವವರೆಗೆ ಲೋಹವು ಲೋಹವನ್ನು ಮುಟ್ಟುವುದಿಲ್ಲ. ಅದು ಹರಿದ ಕ್ಷಣದಲ್ಲಿ ಉಜ್ಜಾಟ ಮೊದಲಾಗುತ್ತದೆ. ಉಜ್ಜಾಟದಿಂದ ಕಾವು ಹುಟ್ಟುತ್ತದೆ. ಕಾವಿನಿಂದ ಬೇರಿಂಗಿನ ಮೆದುಲೋಹ ಕರಗಿ ದಂಡಕ್ಕೆ ಅಂಟುತ್ತದೆ. ಎಂಜಿನ್ ಜಾಮ್ ಆಯಿತು ಎಂದು ಮೆಕ್ಯಾನಿಕರು ಹೇಳುವುದು ಇದಕ್ಕೇ.

ಇಷ್ಟು ತೆಳುವಾದ ಪದರವು ಅಷ್ಟು ದೊಡ್ಡ ಭಾರವನ್ನು ಹೊರುವುದು ಹೇಗೆ? ಅದರ ಗುಟ್ಟು ಎಣ್ಣೆಯ ಸ್ನಿಗ್ಧತೆಯಲ್ಲಿದೆ. ದ್ರವವು ತನ್ನ ಹರಿವಿಗೆ ತಾನೇ ಒಡ್ಡುವ ತಡೆಗೆ ಸ್ನಿಗ್ಧತೆ ಎಂದು ಹೆಸರು. ಬಟ್ಟಲಿನಿಂದ ನೀರನ್ನು ಸುರಿದರೆ ಅದು ಒಮ್ಮೆಗೇ ಬೀಳುತ್ತದೆ. ಔಡಲೆಣ್ಣೆಯನ್ನು ಸುರಿದರೆ ದಾರದಂತೆ ನಿಧಾನವಾಗಿ ಇಳಿಯುತ್ತದೆ. ನೀರಿನ ಸ್ನಿಗ್ಧತೆ ಕಡಿಮೆ, ಔಡಲೆಣ್ಣೆಯದು ಹೆಚ್ಚು. ಸ್ನಿಗ್ಧತೆಯು ಉಷ್ಣತೆಯೊಂದಿಗೆ ಬದಲಾಗುತ್ತದೆ ಎಂಬುದನ್ನು ಕಬ್ಬು ಬೆಳೆಯುವ ಊರಿನ ಮಕ್ಕಳಿಗೆ ಬೇರೆ ಹೇಳಬೇಕಾಗಿಲ್ಲ. ಕೊಪ್ಪರಿಗೆಯಿಂದ ಆಗತಾನೆ ಇಳಿಸಿದ ಬೆಲ್ಲದ ಪಾಕ ಸುಲಭವಾಗಿ ಹರಿಯುತ್ತದೆ. ಅದೇ ಪಾಕ ಆರುತ್ತ ಬಂದಂತೆ ಸೌಟಿಗೆ ಅಂಟಿಕೊಂಡು ಎಳೆಯೆಳೆಯಾಗುತ್ತದೆ.

ಎಂಜಿನ್ನಿನ ಎಣ್ಣೆಯೂ ಹೀಗೆಯೇ. ಡೀಸೆಲ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಬಳಸುವ 15 ಡಬ್ಲ್ಯು-40 ಎಂಬ ಎಣ್ಣೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಸ್ನಿಗ್ಧತೆಯನ್ನು ಅಳೆಯುವ ಸೆಂಟಿಸ್ಟೋಕ್ಸ್ ಎಂಬ ಮಾನದಲ್ಲಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನ ಅಳತೆ ಸುಮಾರು 1. ಈ ಎಣ್ಣೆಯದು 40 ಡಿಗ್ರಿಯಲ್ಲಿ ಸುಮಾರು 105 ಇದ್ದರೆ, 100 ಡಿಗ್ರಿಯಲ್ಲಿ ಸುಮಾರು 14ಕ್ಕೆ ಇಳಿಯುತ್ತದೆ. ಉಷ್ಣತೆ 130 ಡಿಗ್ರಿಗೆ ಏರಿದರೆ ಅದರಲ್ಲಿಯೂ ಅರ್ಧದಷ್ಟು, ಅಂದರೆ ಸುಮಾರು 7 ಮಾತ್ರ ಉಳಿಯುತ್ತದೆ. ಡಬ್ಬಿಯ ಮೇಲೆ ಮುದ್ರಿಸಿರುವ ಅಂಕಿಗಳ ಅರ್ಥವೂ ಇದಕ್ಕೆ ಸಂಬಂಧಿಸಿದ್ದು. ಅಮೆರಿಕದ ವಾಹನ ಎಂಜಿನಿಯರುಗಳ ಸಂಘವು 1911ರಲ್ಲಿ ಈ ವರ್ಗೀಕರಣವನ್ನು ಮೊದಲು ಮಾಡಿತು. ಡಬ್ಲ್ಯು ಅಕ್ಷರದ ಹಿಂದಿನ ಅಂಕಿಯು ಎಣ್ಣೆ ಚಳಿಯಲ್ಲಿ ಹೇಗೆ ಹರಿಯುತ್ತದೆ ಎಂಬುದನ್ನೂ, ಕೊನೆಯ ಅಂಕಿಯು ಕಾದಾಗ ಅದರ ಸ್ನಿಗ್ಧತೆ ಎಷ್ಟು ಉಳಿಯುತ್ತದೆ ಎಂಬುದನ್ನೂ ಸೂಚಿಸುತ್ತವೆ. ಕೊನೆಯ ಅಂಕಿ ದೊಡ್ಡದಾದಷ್ಟೂ ಕಾದ ಎಣ್ಣೆ ಹೆಚ್ಚು ಮಂದವಾಗಿರುತ್ತದೆ.

ಸ್ನಿಗ್ಧತೆಯು ಭಾರ ಹೊರುವ ಬಗೆಯನ್ನು ಜಗತ್ತು ಅರಿತದ್ದು ಒಂದು ಸ್ವಾರಸ್ಯಕರ ಪ್ರಯೋಗದಿಂದ. 1883ರಲ್ಲಿ ಇಂಗ್ಲೆಂಡಿನ ಬೋಶಾಂ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದನು. ಅಚ್ಚಿನ ಕೆಳಭಾಗ ಎಣ್ಣೆಯಲ್ಲಿ ಮುಳುಗಿತ್ತು. ಮೇಲಿನಿಂದ ಬೇರಿಂಗಿನ ಮೂಲಕ ಭಾರವನ್ನು ಹೇರಲಾಗಿತ್ತು. ಎಣ್ಣೆ ಹಾಕಲೆಂದು ಆತ ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರವನ್ನು ಕೊರೆದನು. ಅಚ್ಚು ತಿರುಗತೊಡಗಿದೊಡನೆ ಆ ರಂಧ್ರದಿಂದ ಎಣ್ಣೆಯೇ ಹೊರಕ್ಕೆ ಉಕ್ಕಿತು. ಬಿರಡೆಯಿಂದ ಮುಚ್ಚಿದರೆ ಬಿರಡೆ ಹಾರಿತು. ಮರದ ಗೂಟವನ್ನು ಬಡಿದರೆ ಅದೂ ಮೆಲ್ಲಗೆ ಹೊರಬಂದಿತು. ಆಗ ಆತ ಅಲ್ಲಿಗೆ ಒತ್ತಡಮಾಪಕವನ್ನು ಜೋಡಿಸಿದನು. ಬೇರಿಂಗಿನ ಮೇಲಿದ್ದ ಭಾರದ ಸರಾಸರಿ ಒತ್ತಡ ಚದರ ಅಂಗುಲಕ್ಕೆ 100 ಪೌಂಡು ಮಾತ್ರ; ಆದರೆ ಮಾಪಕದ ಮುಳ್ಳು 200 ಪೌಂಡಿನ ಕೊನೆಯ ಗೆರೆಯನ್ನೂ ದಾಟಿತು. ಅಲ್ಲಿ ಯಾವ ಪಂಪೂ ಇರಲಿಲ್ಲ! ತಿರುಗುವ ಅಚ್ಚು ತನಗಂಟಿದ ಎಣ್ಣೆಯನ್ನು ಇಕ್ಕಟ್ಟಾದ ಸಂದಿನೊಳಕ್ಕೆ ಎಳೆದೊಯ್ದು, ಬೆಣೆಯಂತೆ ತುರುಕಿ, ಆ ಒತ್ತಡವನ್ನು ತಾನೇ ಸೃಷ್ಟಿಸಿತ್ತು. 1886ರಲ್ಲಿ ಓಸ್ಬರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ ಇದಕ್ಕೆ ಗಣಿತದ ವಿವರಣೆಯನ್ನು ಕೊಟ್ಟನು. ಇಂದು ವಿಕಾರಾಬಾದಿನಿಂದ ಬೀದರ್, ಭಾಲ್ಕಿಗಳ ಮೂಲಕ ಹಾಯ್ದುಹೋಗುವ ರೈಲಿನ ಎಂಜಿನ್ನಾಗಲಿ, ಹೊಲದಲ್ಲಿ ಉಳುವ ಟ್ರ್ಯಾಕ್ಟರಿನ ಎಂಜಿನ್ನಾಗಲಿ ಇದೇ ತತ್ತ್ವದ ಮೇಲೆ ನಡೆಯುತ್ತವೆ.

ಇದರಿಂದ ಒಂದು ಮುಖ್ಯ ಸಂಗತಿ ತಿಳಿದುಬರುತ್ತದೆ. ಬೇರಿಂಗಿನ ಭಾರವನ್ನು ಹೊರುವುದು ಪಂಪಿನ ಒತ್ತಡವಲ್ಲ. ಎಣ್ಣೆಯ ಸ್ನಿಗ್ಧತೆ ಮತ್ತು ದಂಡದ ವೇಗ ಇವೆರಡೂ ಕೂಡಿ ಸಂದಿನೊಳಗೆ ಹುಟ್ಟಿಸುವ ಒತ್ತಡವೇ ಅದನ್ನು ಹೊರುತ್ತದೆ. ಆ ಒತ್ತಡ ಚದರ ಸೆಂಟಿಮೀಟರಿಗೆ ನೂರಾರು ಕಿಲೋಗ್ರಾಂ ಇರಬಹುದು. ಮಾಪಕದ ಮುಳ್ಳು ತೋರಿಸುವುದಾದರೋ ಮೂರೋ ನಾಲ್ಕೋ ಕಿಲೋಗ್ರಾಂ. ಹಾಗಾದರೆ ಪಂಪಿನ ಕೆಲಸವೇನು? ಸಂದಿನ ಅಂಚುಗಳಿಂದ ಎಡೆಬಿಡದೆ ಸೋರಿಹೋಗುವ ಎಣ್ಣೆಯ ಸ್ಥಳಕ್ಕೆ ಹೊಸ ಎಣ್ಣೆಯನ್ನು ಒದಗಿಸುವುದು, ಮತ್ತು ಆ ಹರಿವಿನೊಡನೆ ಕಾವನ್ನು ಹೊರಗೊಯ್ಯುವುದು. ದುಡಿಯುವವನು ಬೇರಿಂಗಿನೊಳಗಿನ ಎಣ್ಣೆ. ಪಂಪು ಅವನಿಗೆ ಬುತ್ತಿ ತರುವವನು. ಬುತ್ತಿ ತರುವವನಿಂದ ಹೊಲದ ಕೆಲಸ ನಡೆಯದು. ಆದರೆ ಬುತ್ತಿ ಬಾರದಿದ್ದರೆ ದುಡಿಯುವವನು ಬಹಳ ಹೊತ್ತು ನಿಲ್ಲಲಾರನು.

ಎಂಜಿನ್ನಿನ ತಳದಲ್ಲಿ ಎಣ್ಣೆಯ ತೊಟ್ಟಿಯೊಂದಿದೆ. ಮೆಕ್ಯಾನಿಕರು ಅದನ್ನು ಚೇಂಬರ್ ಎನ್ನುತ್ತಾರೆ. ಪಂಪು ಅಲ್ಲಿಂದ ಎಣ್ಣೆಯನ್ನು ಹೀರಿ, ಸೋಸುಕದ ಮೂಲಕ ಬೇರಿಂಗುಗಳಿಗೆ ಕಳುಹಿಸುತ್ತದೆ. ತೋಟಕ್ಕೆ ನೀರು ಬಿಡುವ ಕೊಳವೆಯ ಬಾಯನ್ನು ಬೆರಳಿನಿಂದ ಅರೆಮುಚ್ಚಿದರೆ ಒಳಗೆ ಒತ್ತಡ ಹೆಚ್ಚುತ್ತದೆ. ಬೆರಳನ್ನು ತೆಗೆದರೆ ಒತ್ತಡ ಇಳಿಯುತ್ತದೆ. ಎಣ್ಣೆಯ ಒತ್ತಡವೂ ಹರಿವಿಗೆ ಎದುರಾಗುವ ತಡೆಯಿಂದಲೇ ಹುಟ್ಟುತ್ತದೆ. ಆದುದರಿಂದ ಮುಳ್ಳು ಮೇಲಿದ್ದ ಮಾತ್ರಕ್ಕೆ ಎಲ್ಲವೂ ಕ್ಷೇಮವೆಂದು ತಿಳಿಯಬಾರದು. ಚಳಿಗಾಲದ ಬೆಳಗಿನಲ್ಲಿ ಎಂಜಿನ್ನನ್ನು ಚಾಲೂ ಮಾಡಿದಾಗ ಎಣ್ಣೆ ಮಂದವಾಗಿರುವುದರಿಂದ ಮುಳ್ಳು ಎತ್ತರಕ್ಕೆ ಏರುತ್ತದೆ. ಆದರೆ ಎಣ್ಣೆ ಮೂಲೆಮೂಲೆಗೆ ಮುಟ್ಟಿರುವುದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಅದೇ ಎಂಜಿನ್ನು ಅದೇ ವೇಗದಲ್ಲಿ ಓಡುವಾಗ ಮುಳ್ಳು ಕೆಳಗಿರುತ್ತದೆ. ಅದು ರೋಗದ ಲಕ್ಷಣವಾಗಿರಲೇಬೇಕೆಂದಿಲ್ಲ. ಎಂಜಿನ್ನು ನಿಧಾನವಾಗಿ ತಿರುಗುವಾಗಲೂ ಮುಳ್ಳು ಇಳಿಯುವುದು ಸಹಜ. ಆದರೆ ಅದೇ ಕಾವಿನಲ್ಲಿ, ಅದೇ ವೇಗದಲ್ಲಿ ನಿನ್ನೆ ಇದ್ದಷ್ಟು ಒತ್ತಡ ಇಂದು ಇಲ್ಲವಾದರೆ ಎಚ್ಚರಗೊಳ್ಳಬೇಕು. ಬೇರಿಂಗ್ ಸವೆದು ಸಂದು ಹಿಗ್ಗಿರಬಹುದು, ಡೀಸೆಲ್ ಸೋರಿ ಎಣ್ಣೆಯನ್ನು ತೆಳುವಾಗಿಸಿರಬಹುದು, ತೊಟ್ಟಿಯಲ್ಲಿ ಎಣ್ಣೆಯೇ ಕಡಿಮೆಯಾಗಿರಬಹುದು. ಮುಳ್ಳನ್ನು ಓದುವವನು ಕಾವು ಮತ್ತು ವೇಗ ಎರಡನ್ನೂ ಜೊತೆಗಿಟ್ಟುಕೊಂಡು ಓದಬೇಕು.

ಈ ವಿದ್ಯೆಯನ್ನು ಅತ್ಯಂತ ಕಠಿಣವಾಗಿ ಪರೀಕ್ಷಿಸುವ ಸ್ಥಳವೆಂದರೆ ಮೋಟಾರು ಪಂದ್ಯದ ಓಟದ ಮಾರ್ಗ. ತಮಿಳುನಾಡಿನ ಶ್ರೀಪೆರುಂಬುದೂರಿನ ಸಮೀಪ ಇರುಂಗಾಟ್ಟುಕೋಟೈಯಲ್ಲಿ 1990ರಲ್ಲಿ ಇಂತಹ ಒಂದು ಮಾರ್ಗ ಆರಂಭವಾಯಿತು. ದೆಹಲಿಯ ಬಳಿಯ ಗ್ರೇಟರ್ ನೋಯ್ಡಾದಲ್ಲಿ 2011ರಲ್ಲಿ ಬುದ್ಧ ಅಂತರರಾಷ್ಟ್ರೀಯ ಮಾರ್ಗ ಸಿದ್ಧವಾಯಿತು. ಅದರ ಒಂದು ಸುತ್ತು 5.125 ಕಿಲೋಮೀಟರ್, ಅದರಲ್ಲಿ 16 ತಿರುವುಗಳಿವೆ. ಊರಿನ ರಸ್ತೆಯಲ್ಲಿ ಓಡುವ ಕಾರಿಗೆ ಆಗಾಗ ಬಿಡುವು ದೊರೆಯುತ್ತದೆ. ಓಟದ ಮಾರ್ಗದಲ್ಲಿ ಅದಕ್ಕೆ ಬಿಡುವೇ ಇಲ್ಲ. ಎಂಜಿನ್ನು ಸುತ್ತಿನ ಮೇಲೆ ಸುತ್ತು ಪೂರ್ಣಶಕ್ತಿಯಲ್ಲಿ ದುಡಿಯಬೇಕು. ರಸ್ತೆಯಲ್ಲಿ 90-100 ಡಿಗ್ರಿಯ ಆಸುಪಾಸಿನಲ್ಲಿರುವ ಎಣ್ಣೆ ಅಲ್ಲಿ 130 ಡಿಗ್ರಿಯನ್ನೂ ಮೀರಬಹುದು. ಆಗ ಸ್ನಿಗ್ಧತೆ ಅರ್ಧಕ್ಕೆ ಇಳಿಯುವುದನ್ನು ಮೇಲಿನ ಅಂಕಿಗಳೇ ಹೇಳುತ್ತವೆ.

ಕಾವಿಗಿಂತಲೂ ಅಪಾಯಕರವಾದುದು ತಿರುವು. ತುಂಬಿದ ಕೊಡವನ್ನು ಬಂಡಿಯಲ್ಲಿಟ್ಟು ಬಂಡಿಯನ್ನು ರಭಸದಿಂದ ತಿರುಗಿಸಿದರೆ ನೀರು ಒಂದು ಬದಿಗೆ ಏರಿ ತುಳುಕುತ್ತದೆ. ಕಾರಿನ ತೊಟ್ಟಿಯಲ್ಲಿರುವ ಎಣ್ಣೆಗೂ ಇದೇ ಗತಿ. ತಿರುವಿನ ಪಕ್ಕವೇಗೋತ್ಕರ್ಷ ಗುರುತ್ವಾಕರ್ಷಣೆಯ ವೇಗೋತ್ಕರ್ಷಕ್ಕೆ ಸಮನಾದರೆ ಎಣ್ಣೆಯ ಮೇಲ್ಮೈ 45 ಡಿಗ್ರಿಯಷ್ಟು ವಾಲುತ್ತದೆ. ಒಳ್ಳೆಯ ಟಯರುಗಳುಳ್ಳ ವೇಗದ ಕಾರು ಈ ಮಿತಿಯನ್ನು ತಲುಪಬಲ್ಲದು. ಉದ್ದನೆಯ ತಿರುವಿನಲ್ಲಿ ಎಣ್ಣೆಯೆಲ್ಲ ತೊಟ್ಟಿಯ ಒಂದು ಗೋಡೆಗೆ ಏರಿಕೊಂಡು, ಪಂಪಿನ ಹೀರುಗೊಳವೆಯ ಬಾಯಿ ಬರಿದಾಗುತ್ತದೆ. ಪಂಪು ಎಣ್ಣೆಯ ಬದಲು ಗಾಳಿಯನ್ನು ಹೀರುತ್ತದೆ. ಮುಳ್ಳು ತಟಕ್ಕನೆ ಕುಸಿಯುತ್ತದೆ. ನಿಮಿಷಕ್ಕೆ 6000 ಸುತ್ತು ತಿರುಗುವ ದಂಡವು ಸೆಕೆಂಡಿಗೆ 100 ಸುತ್ತು ತಿರುಗುತ್ತದೆ. ಎರಡು ಸೆಕೆಂಡುಗಳ ತಿರುವೆಂದರೆ 200 ಸುತ್ತು. ಅಷ್ಟೂ ಸುತ್ತುಗಳ ಕಾಲ ಬೇರಿಂಗು ತನ್ನಲ್ಲಿ ಉಳಿದ ಎಣ್ಣೆಯನ್ನೇ ನೆಚ್ಚಿರಬೇಕು. ಆ ಎಣ್ಣೆಯೂ ಕಾವಿನಿಂದ ತೆಳುವಾಗಿದ್ದರೆ ಬೇಗನೆ ಸೋರಿ ಹೋಗುತ್ತದೆ. ಕಾವು ಮತ್ತು ತಿರುವು ಒಟ್ಟಿಗೆ ಬಂದಾಗಲೇ ಎಂಜಿನ್ನಿಗೆ ಮೃತ್ಯು.

ಆದುದರಿಂದ ಓಟದ ಕಾರುಗಳಲ್ಲಿ ಹಲವು ಉಪಾಯಗಳನ್ನು ಕೈಗೊಳ್ಳುತ್ತಾರೆ. ತೊಟ್ಟಿಯೊಳಗೆ ಅಡ್ಡತಗಡುಗಳನ್ನು ಇರಿಸಿ ಎಣ್ಣೆ ಒಂದೆಡೆಗೆ ನುಗ್ಗದಂತೆ ತಡೆಯುತ್ತಾರೆ. ಎಣ್ಣೆಯನ್ನು ತಂಪುಗೊಳಿಸುವ ಪ್ರತ್ಯೇಕ ರೇಡಿಯೇಟರನ್ನು ಅಳವಡಿಸುತ್ತಾರೆ. ಹೆಚ್ಚಿನ ಕಾವಿನಲ್ಲಿಯೂ ಸ್ನಿಗ್ಧತೆಯನ್ನು ಉಳಿಸಿಕೊಳ್ಳುವ ಎಣ್ಣೆಯನ್ನು ಆರಿಸುತ್ತಾರೆ. ಅತಿವೇಗದ ಕಾರುಗಳಲ್ಲಿ ಎಂಜಿನ್ನಿನ ಕೆಳಗೆ ಎಣ್ಣೆಯನ್ನು ನಿಲ್ಲಲು ಬಿಡುವುದೇ ಇಲ್ಲ. ಬೇರೆ ಪಂಪುಗಳು ಅದನ್ನು ಹೀರಿ ಎತ್ತರವಾದ ಪ್ರತ್ಯೇಕ ತೊಟ್ಟಿಗೆ ಸೇರಿಸುತ್ತವೆ. ಹಳ್ಳಿಯ ಕೀಲೆಣ್ಣೆಗೂ ಈ ಲೋಕಕ್ಕೂ ನಂಟಿರುವುದು ಒಂದು ವಿಶೇಷ. ಕಾವಿನಲ್ಲಿಯೂ ಲೋಹಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುವ ಗುಣವಿರುವುದರಿಂದ ಔಡಲೆಣ್ಣೆಯನ್ನು ಮೊದಲ ಮಹಾಯುದ್ಧದ ವಿಮಾನಗಳಲ್ಲಿಯೂ ಹಿಂದಿನ ಓಟದ ಕಾರುಗಳಲ್ಲಿಯೂ ಬಳಸುತ್ತಿದ್ದರು. ಕ್ಯಾಸ್ಟ್ರಾಲ್ ಎಂಬ ಪ್ರಸಿದ್ಧ ಎಣ್ಣೆಯ ಹೆಸರು ಹುಟ್ಟಿದ್ದು ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್ ಎಂಬುದರಿಂದಲೇ.

ಬೀದರ್ ಜಿಲ್ಲೆಯಲ್ಲಿ ಓಟದ ಮಾರ್ಗವಿಲ್ಲ. ಆದರೆ ಈ ಸಮಸ್ಯೆಯ ಇನ್ನೂ ತೀವ್ರವಾದ ರೂಪವು ಬೀದರ್ ನಗರದ ಆಕಾಶದಲ್ಲಿಯೇ ಕಾಣಸಿಗುತ್ತದೆ. ಭಾರತೀಯ ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ರೂಪುಗೊಂಡದ್ದು ಬೀದರಿನ ವಾಯುನೆಲೆಯಲ್ಲಿ. ಅದರ ಒಂಬತ್ತು ವಿಮಾನಗಳು ಆಕಾಶದಲ್ಲಿ ಲಾಗ ಹಾಕುವುದನ್ನು ಊರಿನ ಜನ ತಲೆಯೆತ್ತಿ ನೋಡುತ್ತಾರೆ. ಕಾರಿನ ಎಣ್ಣೆ ಪಕ್ಕಕ್ಕೆ ವಾಲಿದರೆ, ತಲೆಕೆಳಗಾಗಿ ಹಾರುವ ವಿಮಾನದ ಎಣ್ಣೆ ತೊಟ್ಟಿಯ ಚಾವಣಿಗೇ ಹೋಗಬಲ್ಲದು. ಆದುದರಿಂದ ಇಂತಹ ಹಾರಾಟಕ್ಕೆ ಬಳಸುವ ವಿಮಾನಗಳ ಎಣ್ಣೆಯ ವ್ಯವಸ್ಥೆಯನ್ನು ಅದಕ್ಕೆ ತಕ್ಕಂತೆ ರಚಿಸಿರುತ್ತಾರೆ. ತಲೆಕೆಳಗಾಗಿ ಎಷ್ಟು ಹೊತ್ತು ಹಾರಬಹುದೆಂಬುದಕ್ಕೂ ಮಿತಿ ಇರುತ್ತದೆ.

ಇನ್ನು ನೆಲದ ಮೇಲಿನ ದುಡಿಮೆಯನ್ನು ನೋಡಬೇಕು. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ನದಿಗೆ ಅಣೆಕಟ್ಟು ಕಟ್ಟಲಾಗಿದೆ. ಭಾಲ್ಕಿ ಸೀಮೆಯಲ್ಲಿ ಕಬ್ಬಿನ ಬೆಳೆ ಉಂಟು. ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರುಗಳು ಎರಡೆರಡು ಟ್ರೈಲರುಗಳನ್ನು ಎಳೆಯುತ್ತ ಕಾರ್ಖಾನೆಯ ಕಡೆಗೆ ಸಾಗುತ್ತವೆ. ಓಟದ ಕಾರಿಗೆ ವೇಗವೇ ಪರೀಕ್ಷೆಯಾದರೆ ಟ್ರ್ಯಾಕ್ಟರಿಗೆ ಭಾರವೇ ಪರೀಕ್ಷೆ. ಏರಿನಲ್ಲಿ ಎಂಜಿನ್ನಿನ ಸುತ್ತು ಕುಗ್ಗುತ್ತದೆ, ಭಾರ ಮಾತ್ರ ಕುಗ್ಗುವುದಿಲ್ಲ. ದಂಡದ ವೇಗ ಇಳಿದಾಗ ಸಂದಿನೊಳಗೆ ಎಣ್ಣೆಯನ್ನು ಬೆಣೆಯಾಗಿ ತುರುಕುವ ಬಲವೂ ಇಳಿಯುತ್ತದೆ; ಪದರ ಇನ್ನಷ್ಟು ತೆಳುವಾಗುತ್ತದೆ. ರಾಜ್ಯದ ಉತ್ತರದ ತುದಿಯಲ್ಲಿರುವ ಔರಾದ ತಾಲ್ಲೂಕಿನ ಹೊಲಗಳಲ್ಲಿ ಬೇಸಗೆಯ ಉಳುಮೆ ನಡೆಯುವಾಗ ಗಾಳಿಯೇ 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಂತಹ ಗಾಳಿಯಿಂದ ಎಂಜಿನ್ನು ತಣ್ಣಗಾಗಬೇಕು. ರೇಡಿಯೇಟರಿನ ಜಾಲರಿಗೆ ಹೊಟ್ಟು ಧೂಳು ಮೆತ್ತಿಕೊಂಡಿದ್ದರೆ ಎಣ್ಣೆಯ ಕಾವು ಇನ್ನೂ ಏರುತ್ತದೆ. ಇಳಿಜಾರಿನ ಹೊಲದಲ್ಲಿ ಟ್ರ್ಯಾಕ್ಟರು ಓರೆಯಾಗಿ ನಿಂತಾಗ ತೊಟ್ಟಿಯ ಎಣ್ಣೆಯೂ ಒಂದು ಬದಿಗೆ ಸರಿಯುತ್ತದೆ. ತೊಟ್ಟಿ ಸರಿಯಾಗಿ ತುಂಬಿದ್ದರೆ ತೊಂದರೆಯಿಲ್ಲ. ಎಣ್ಣೆ ಕಡಿಮೆಯಿದ್ದರೆ ಓಟದ ಮಾರ್ಗದ ಅಪಾಯವೇ ಹೊಲದಲ್ಲಿಯೂ ಎದುರಾಗುತ್ತದೆ.

ಇಲ್ಲಿ ಎರಡು ತಪ್ಪು ನಂಬಿಕೆಗಳನ್ನು ಬಿಡಬೇಕು. ಎಣ್ಣೆ ಮಂದವಾದಷ್ಟೂ ಒಳ್ಳೆಯದು ಎಂಬುದು ಮೊದಲನೆಯದು. ಅತಿ ಮಂದವಾದ ಎಣ್ಣೆ ಚಳಿಯಲ್ಲಿ ನಿಧಾನವಾಗಿ ಹರಿಯುತ್ತದೆ, ಎಂಜಿನ್ನಿನ ಶಕ್ತಿಯನ್ನು ತಿನ್ನುತ್ತದೆ, ಬೇರಿಂಗಿನ ಕಾವನ್ನು ಬೇಗನೆ ಹೊರಗೊಯ್ಯುವುದಿಲ್ಲ. ಎಂಜಿನ್ನನ್ನು ರಚಿಸಿದವರು ಅದರ ಸಂದುಗಳನ್ನು ಅಳೆದು ಯಾವ ದರ್ಜೆಯ ಎಣ್ಣೆ ಬೇಕೆಂದು ಕೈಪಿಡಿಯಲ್ಲಿ ಬರೆದಿರುತ್ತಾರೆ; ಅದನ್ನೇ ಹಾಕಬೇಕು. ಕೆಂಪು ದೀಪ ಹೊತ್ತಿದ ಮೇಲೂ ಊರು ಮುಟ್ಟುವವರೆಗೆ ಓಡಿಸಬಹುದು ಎಂಬುದು ಎರಡನೆಯದು. ಆ ದೀಪವು ಸಾಮಾನ್ಯವಾಗಿ ಒತ್ತಡವು ಚದರ ಸೆಂಟಿಮೀಟರಿಗೆ ಅರ್ಧ ಕಿಲೋಗ್ರಾಮಿನ ಆಸುಪಾಸಿಗೆ ಇಳಿದಾಗ ಹೊತ್ತಿಕೊಳ್ಳುತ್ತದೆ. ಅಂದರೆ ಅದು ಮೊದಲ ಎಚ್ಚರಿಕೆಯಲ್ಲ, ಕೊನೆಯ ಎಚ್ಚರಿಕೆ. ದೀಪ ಹೊತ್ತಿದೊಡನೆ ವಾಹನವನ್ನು ಬದಿಗೆ ನಿಲ್ಲಿಸಿ ಎಂಜಿನ್ನನ್ನು ಆರಿಸಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆ ಫಲವೇನು?

ಎಣ್ಣೆಯ ಅಳತೆಯನ್ನು ನೋಡಲು ಎರಡು ನಿಮಿಷ ಸಾಕು. ಸಮತಟ್ಟಾದ ನೆಲದಲ್ಲಿ ವಾಹನವನ್ನು ನಿಲ್ಲಿಸಿ, ಎಂಜಿನ್ನು ಆರಿಸಿದ ಮೇಲೆ ಎಣ್ಣೆ ಕೆಳಗಿಳಿಯಲು ಸ್ವಲ್ಪ ಹೊತ್ತು ಬಿಟ್ಟು, ಅಳತೆಯ ಕಡ್ಡಿಯನ್ನು ಒರೆಸಿ ಅದ್ದಿ ನೋಡಬೇಕು. ಎರಡು ಗೆರೆಗಳ ನಡುವೆ ಎಣ್ಣೆಯಿರಬೇಕು. ಗೊತ್ತಾದ ಅವಧಿಗೆ ಎಣ್ಣೆಯನ್ನೂ ಸೋಸುಕವನ್ನೂ ಬದಲಾಯಿಸಬೇಕು; ಏಕೆಂದರೆ ಎಣ್ಣೆಯೂ ದುಡಿದು ದಣಿಯುತ್ತದೆ. ಅದರ ಸ್ನಿಗ್ಧತೆಯನ್ನು ಕಾಯುವ ಉದ್ದನೆಯ ಅಣುಗಳು ಹಲ್ಲುಗಾಲಿಗಳ ನಡುವೆ ಸಿಕ್ಕಿ ತುಂಡಾಗುತ್ತವೆ. ಮಸಿಯೂ ಲೋಹದ ಕಣಗಳೂ ಅದರಲ್ಲಿ ಸೇರುತ್ತವೆ. ಹೊರತೆಗೆದ ಎಣ್ಣೆಯನ್ನು ಮಣ್ಣಿಗಾಗಲಿ ಹಳ್ಳಕ್ಕಾಗಲಿ ಚೆಲ್ಲಬಾರದು. ಭಾರತದ ಕಾನೂನು ಅದನ್ನು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸುತ್ತದೆ. ಬಹಮನಿಯರ ಕಾಲದ ಸುರಂಗ ಕಾಲುವೆಗಳಿಂದ ನೀರು ಕುಡಿದ ಬೀದರಿನಂತಹ ಊರಿನಲ್ಲಿ, ಇಂದು ನೆಲದ ಮೇಲೆ ಚೆಲ್ಲಿದ್ದು ನಾಳೆ ನೆಲದೊಳಗಿನ ನೀರನ್ನು ಸೇರುತ್ತದೆ ಎಂಬುದನ್ನು ಮರೆಯಬಾರದು.

ಟ್ರ್ಯಾಕ್ಟರು ಶ್ರೀಮಂತನ ವಿನೋದದ ವಸ್ತುವಲ್ಲ. ಎಷ್ಟೋ ಮನೆಗಳಲ್ಲಿ ಅದು ಸಾಲ ಮಾಡಿ ತಂದ ಆಸ್ತಿ. ಸುಗ್ಗಿಯ ನಡುವೆ ಅದರ ಎಂಜಿನ್ನು ಜಾಮ್ ಆದರೆ ಕಡಿದಿಟ್ಟ ಕಬ್ಬು ಹೊಲದಲ್ಲಿಯೇ ಒಣಗುತ್ತದೆ. ದುರಸ್ತಿಯ ವೆಚ್ಚದೊಡನೆ ಬಾಡಿಗೆಯ ಗಳಿಕೆಯೂ ನಿಂತು ಹೋಗುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಒಂದು ಲೀಟರು ಎಣ್ಣೆಯಿಂದ, ಎರಡು ನಿಮಿಷಗಳ ಗಮನದಿಂದ ತಪ್ಪಿಸಬಹುದಾದ ಹಾನಿ ಒಂದು ಕುಟುಂಬದ ಇಡೀ ವರ್ಷದ ದುಡಿಮೆಯನ್ನು ನುಂಗಬಲ್ಲದು. ಹಿಂದಿನ ಬಂಡಿಯವನಿಗೆ ಗಾಲಿಯ ಕೂಗನ್ನು ಕೇಳುವ ಕಿವಿಯಿದ್ದರೆ ಸಾಕಾಗಿತ್ತು. ಇಂದಿನ ಚಾಲಕನಿಗೆ ಮುಳ್ಳನ್ನು ನೋಡುವ ಕಣ್ಣಿನೊಡನೆ ಅದರ ಹಿಂದಿರುವ ಕಾವು, ವೇಗ, ಸ್ನಿಗ್ಧತೆಗಳನ್ನು ಅರಿಯುವ ತಿಳುವಳಿಕೆಯೂ ಬೇಕು. ಆ ತಿಳುವಳಿಕೆಯನ್ನು ಶಾಲೆಯಲ್ಲಿ ಪಡೆದ ಹುಡುಗನೋ ಹುಡುಗಿಯೋ ಮನೆಯ ಅಂಗಳದಲ್ಲಿ ನಿಂತ ಟ್ರ್ಯಾಕ್ಟರಿನ ಅಳತೆಯ ಕಡ್ಡಿಯನ್ನು ಒಮ್ಮೆ ಹೊರತೆಗೆದು ನೋಡಿದರೆ, ಕಲಿತ ವಿಜ್ಞಾನ ಅಂದೇ ಉಪಯೋಗಕ್ಕೆ ಬರುತ್ತದೆ.